ಮೊಂಡಾದ ಸೆರಾಮಿಕ್ ಚಾಕುವನ್ನು ಮನೆಯಲ್ಲೇ ಮಸೆಯುವುದು

ಸೆರಾಮಿಕ್ ಚಾಕು ಮೊಂಡಾದರೆ ಎಸೆಯುವುದೇ ದಾರಿ, ಅದನ್ನು ಮನೆಯಲ್ಲಿ ಮಸೆಯಲು ಬರುವುದಿಲ್ಲ ಎಂಬ ಮಾತು ಅರ್ಧ ನಿಜ. ಅಡುಗೆಮನೆಯಲ್ಲಿ ಈಗಾಗಲೇ ಇರುವ ಯಾವ ಸಾಮಾನಿನಿಂದಲೂ ಅದನ್ನು ಮಸೆಯಲಾಗದು ಎನ್ನುವಷ್ಟು ಮಟ್ಟಿಗೆ ನಿಜ. ಎರಡು ಡೈಮಂಡ್ ಪ್ಲೇಟು (ವಜ್ರದ ಕಣ ಕೂರಿಸಿದ ಲೋಹದ ಹಲಗೆ), ಎರಡು ಹಾಳೆ ಡೈಮಂಡ್ ಫಿಲ್ಮು, ಆಭರಣದ ಅಂಗಡಿಯವರು ಬಳಸುವಂಥ ಒಂದು ಲೂಪು (ಕಿರು ಭೂತಗನ್ನಡಿ), ಒಂದು ಕಪ್ಪು ಮಾರ್ಕರ್ ಪೆನ್ನು ಇದ್ದರೆ ಒಂದೂವರೆ ಎರಡು ಗಂಟೆಯಲ್ಲಿ ಚಾಕು ಮತ್ತೆ ಟೊಮೇಟೊ ಕೊಯ್ಯುತ್ತದೆ.

ಇಲ್ಲಿ ವಿವರಿಸುವ ಕೆಲಸ ನಡೆದದ್ದು ಆರು ಇಂಚಿನ ಬಿಳಿ ಅಲಗಿನ ತರಕಾರಿ ಚಾಕುವಿನ ಮೇಲೆ. ಬೆನ್ನಿನಲ್ಲಿ 2 ಮಿ.ಮೀ. ದಪ್ಪ, ಹಿಡಿಯ ಹತ್ತಿರ 35 ಮಿ.ಮೀ. ಅಗಲ. ಬಾಯಿಯ ಉದ್ದಕ್ಕೂ ಬರಿಗಣ್ಣಿಗೆ ಕಾಣುವ ಚಕ್ಕೆಗಳು ಎದ್ದಿದ್ದವು. ಅವುಗಳಲ್ಲಿ ಆಳವಾದದ್ದು ಸುಮಾರು 0.4 ಮಿ.ಮೀ. ಮನೆಗಳಲ್ಲಿ ಎರಡು ಮೂರು ವರ್ಷ ಓಡಿದ ಸೆರಾಮಿಕ್ ಚಾಕುಗಳು ಹೆಚ್ಚುಕಮ್ಮಿ ಇದೇ ಸ್ಥಿತಿಯಲ್ಲಿರುತ್ತವೆ.

ಕೈ ಹಾಕುವ ಮೊದಲು ವಸ್ತುವಿನ ಸ್ವಭಾವ ತಿಳಿದಿರಬೇಕು. ಈ ಅಲಗು ಜಿರ್ಕೋನಿಯಾದ್ದು, ಅಂದರೆ ಜಿರ್ಕೋನಿಯಂ ಡೈಆಕ್ಸೈಡ್. ಜಿರ್ಕಾನ್ ಎಂಬ ಖನಿಜದಿಂದ ಇದನ್ನು ತೆಗೆಯುತ್ತಾರೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಆ ಖನಿಜ ನಮ್ಮಲ್ಲೂ ಇದೆ. ಶುದ್ಧ ಜಿರ್ಕೋನಿಯಾವನ್ನು ಸುಟ್ಟು ಆರಿಸಿದರೆ ಆರುವಾಗ ಅದರ ಹರಳುಗಳು ಶೇ. 4ರಿಂದ 5ರಷ್ಟು ಉಬ್ಬಿ, ಇಡೀ ತುಂಡು ತಾನಾಗಿಯೇ ಬಿರಿದುಹೋಗುತ್ತದೆ. ಆದ್ದರಿಂದ ತೂಕದಲ್ಲಿ ಶೇ. 5ರಷ್ಟು ಇಟ್ರಿಯಾ, ಅಂದರೆ ಇಟ್ರಿಯಂ ಆಕ್ಸೈಡ್, ಬೆರೆಸಿ ಆ ಉಬ್ಬುವಿಕೆಯನ್ನು ಹಿಡಿದಿಡುತ್ತಾರೆ. ಹೀಗೆ ಹಿಡಿದಿಟ್ಟ ಹರಳಿನ ಹತ್ತಿರ ಬಿರುಕೊಂದು ಬಂದರೆ ಆ ಹರಳು ಆಗ ಉಬ್ಬಿ ಬಿರುಕಿನ ಬಾಯಿಯನ್ನು ಅದುಮುತ್ತದೆ. ಜಿರ್ಕೋನಿಯಾದ ಈ ಗುಣವನ್ನು ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್, ಪಾಸ್ಕೋ ಎಂಬ ಮೂವರು ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದರು. ಜಪಾನಿನ ಕ್ಯೋಸೆರಾ ಕಂಪನಿ 1984ರಿಂದ ಸೆರಾಮಿಕ್ ಅಡುಗೆ ಚಾಕುಗಳನ್ನು ಮಾರುತ್ತಿದೆ. ಸೆರಾಮಿಕ್‌ಗಳಲ್ಲಿ ಇದು ಗಟ್ಟಿಮುಟ್ಟು ಎನ್ನುವುದು ಸರಿಯೇ. ಉಕ್ಕಿನ ಪಕ್ಕದಲ್ಲಿಟ್ಟರೆ ಮಾತ್ರ ಇದು ಈಗಲೂ ಪೆಳಸು, ಅಂದರೆ ಬಾಗದೆ ಒಡೆಯುವ ವಸ್ತು.

ವಿಕರ್ಸ್ ಅಳತೆಯಲ್ಲಿ ಅಡುಗೆ ಚಾಕುವಿನ ಉಕ್ಕಿನ ಗಡಸುತನ 600ರಿಂದ 750. ಜಿರ್ಕೋನಿಯಾದ್ದು 1200ರ ಆಚೆ. ಮಸೆಗಲ್ಲಿನಲ್ಲಿರುವ ಬೆಣಚುಕಲ್ಲಿನ ಕಣ ಇದಕ್ಕಿಂತ ಮೆದು, ಹಾಗಾಗಿ ಹಳೆಯ ಮರಳುಗಲ್ಲಿನ ಮೇಲೆ ಉಜ್ಜಿದರೆ ಚಾಕುವೇ ಕಲ್ಲನ್ನು ಮಸೆಯುತ್ತದೆ. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು 2000ದ ಆಸುಪಾಸು. ಇದು ಜಿರ್ಕೋನಿಯಾಕ್ಕಿಂತ ಗಡಸು ಹೌದು, ಆದರೆ ಆ ವ್ಯತ್ಯಾಸ ಸಾಲದು. ಕಣದ ಚೂಪು ನಾಲ್ಕು ಉಜ್ಜಿಗೆ ಸವೆದು, ಆಮೇಲೆ ಅದು ಕೊಯ್ಯುವ ಬದಲು ಸುಮ್ಮನೆ ಒತ್ತುತ್ತದೆ. ಒತ್ತಿದಲ್ಲೆಲ್ಲ ಚಕ್ಕೆ. ಸಿಲಿಕಾನ್ ಕಾರ್ಬೈಡ್ ಇನ್ನಷ್ಟು ಗಡಸು, 2500ರಷ್ಟು, ಗೀರೂ ಬೀಳುತ್ತದೆ. ಕಣ ಬೇಗ ಪುಡಿಯಾಗುವುದರಿಂದ ಕೆಲಸ ಮುಗಿಯುವುದೇ ಇಲ್ಲ. ವಜ್ರ 8000ಕ್ಕೂ ಮೇಲೆ. ಉಳಿದ ಆಯ್ಕೆ ಅದೊಂದೇ.

ಬೀದಿಯಲ್ಲಿ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬಾರದು. ಅವರ ಚಕ್ರ ಉಕ್ಕಿಗಾಗಿ ಮಾಡಿದ್ದು. ಒಣಗಿದ ಚಕ್ರ, ವೇಗ ಹೆಚ್ಚು, ಅದುರಾಟ ಇನ್ನೂ ಹೆಚ್ಚು. ಈಳಿಗೆಮಣೆಗೆ ಅಚ್ಚುಕಟ್ಟಾಗಿ ಬಾಯಿ ಕೊಡುವ ಅದೇ ಚಕ್ರ ಸೆರಾಮಿಕ್ ಅಲಗಿನ ಬಾಯಿಯನ್ನು ಗರಗಸ ಮಾಡಿ ಕಳಿಸುತ್ತದೆ. ನೂರು ರೂಪಾಯಿಗೆ ಸಿಗುವ, ವಿ ಆಕಾರದ ಸೀಳಿನಲ್ಲಿ ಚಾಕುವನ್ನು ಎಳೆಯುವ ಸಾಧನವೂ ಬೇಡ. ಅದರೊಳಗಿರುವ ಕಾರ್ಬೈಡ್ ತುಂಡುಗಳು ಉಕ್ಕನ್ನು ಹೆರೆದು ತೆಗೆಯುತ್ತವೆ. ಹೆರೆಸಿಕೊಳ್ಳುವ ಗುಣ ಸೆರಾಮಿಕ್‌ಗೆ ಇಲ್ಲ, ಒಡೆಯುವುದಷ್ಟೇ ಗೊತ್ತು.

ಇಡೀ ಕೆಲಸದ ತಿರುಳು ಈ ಕೊನೆಯ ಮಾತಿನಲ್ಲೇ ಇದೆ. ಉಕ್ಕಿನ ಬಾಯಿ ಮೊಂಡಾಗುವಾಗ ಬಹುಮಟ್ಟಿಗೆ ಮಡಚಿಕೊಳ್ಳುತ್ತದೆ. ಮಸೆಯುವಾಗಲೂ ಅಷ್ಟೇ, ಒಂದು ಬದಿ ಸಾಕಷ್ಟು ಸವೆದಾಗ ಇನ್ನೊಂದು ಬದಿಗೆ ಉಕ್ಕಿನ ತೆಳು ಸುರುಳಿ ಏಳುತ್ತದೆ. ಬೆರಳಿಗೆ ಅದು ತಾಕಿದರೆ ಆ ಬದಿ ಮುಗಿಯಿತೆಂದು ಅರ್ಥ. ಸೆರಾಮಿಕ್ ಮಡಚುವುದಿಲ್ಲ, ಸುರುಳಿಯೂ ಏಳುವುದಿಲ್ಲ. ಅದು ಮೊಂಡಾಗುವುದು ಚಕ್ಕೆ ಎದ್ದು, ಮಸೆಸಿಕೊಳ್ಳುವುದೂ ಚಕ್ಕೆ ಎದ್ದೇ. ದೊಡ್ಡ ಚಕ್ಕೆಯ ಗುಳಿಗಳನ್ನು ಸಣ್ಣ ಗುಳಿಗಳಾಗಿ, ಅವನ್ನು ಇನ್ನೂ ಸಣ್ಣವಾಗಿ ಮಾಡುತ್ತ ಹೋಗುವುದೇ ಇಲ್ಲಿ ಮಸೆಯುವುದು. ಬೆರಳು ಹೇಳಬೇಕಾದದ್ದನ್ನು ಕಣ್ಣೇ ಹೇಳಬೇಕು, ಅದಕ್ಕೇ ಲೂಪು ಮತ್ತು ಮಾರ್ಕರ್. ಇವೆರಡಿಲ್ಲದೆ ಶುರುಮಾಡಿದವರು ಒಂದೇ ಬದಿಯನ್ನು ಗಂಟೆಗಟ್ಟಲೆ ಉಜ್ಜಿ, ಬಾಯಿ ಮುಟ್ಟದೆಯೇ ಎದ್ದುಹೋಗುತ್ತಾರೆ.

ಪ್ಲೇಟು ಕೊಳ್ಳುವಾಗ ಗ್ರಿಟ್ ಸಂಖ್ಯೆಗಿಂತ (ಕಣ ಸಣ್ಣದಾದಷ್ಟೂ ಈ ಸಂಖ್ಯೆ ದೊಡ್ಡದು) ಕಣದ ಗಾತ್ರ ಎಷ್ಟು ಮೈಕ್ರಾನ್, ಅಂದರೆ ಮಿ.ಮೀ.ನ ಸಾವಿರದ ಎಷ್ಟು ಭಾಗ, ಎಂದು ಕೇಳಿ. ಒಂದು ಕಂಪನಿಯ 1000 ಇನ್ನೊಂದರ 600ರಂತೆ ಕೊಯ್ಯುವುದುಂಟು. ಡಿಎಂಟಿ ಎಂಬ ಕಂಪನಿಯ ಪ್ಲೇಟುಗಳಲ್ಲಿ ಬಣ್ಣದ ಗುರುತಿದೆ: ನೀಲಿ 45 ಮೈಕ್ರಾನ್, ಕೆಂಪು 25, ಹಸಿರು 9. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಒಂದು ಮುಖ 400 ಇನ್ನೊಂದು ಮುಖ 1000 ಎಂದು ಬರೆದ ಪ್ಲೇಟೂ ನಡೆಯುತ್ತದೆ. 400ರ ಮುಖ ಸುಮಾರು 40 ಮೈಕ್ರಾನ್ ಎಂದುಕೊಳ್ಳಬಹುದು. ಅದಕ್ಕಿಂತ ದಪ್ಪದ್ದು, ಅಂದರೆ 200ರ ಪ್ಲೇಟು, ಬೇಡವೇ ಬೇಡ. ಅದು ಹಳೆಯ ಚಕ್ಕೆಯನ್ನು ತೆಗೆಯುವ ಹೊತ್ತಿಗೆ ಅಷ್ಟೇ ದೊಡ್ಡ ಹೊಸ ಚಕ್ಕೆಗಳನ್ನು ಎಬ್ಬಿಸಿರುತ್ತದೆ.

ಫಿಲ್ಮು ಎಂದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ವಜ್ರದ ಪುಡಿ ಕೂರಿಸಿದ್ದು. ಫೈಬರ್ ಆಪ್ಟಿಕ್ ಕನೆಕ್ಟರುಗಳ ತುದಿ ಪಾಲಿಶ್ ಮಾಡಲು ಬಳಸುವ ಸಾಮಾನು. ಐದು ಇಂಚಿನ ದುಂಡು ಹಾಳೆಗಳಾಗಿ ಸಿಗುತ್ತದೆ. 9 ಮೈಕ್ರಾನಿನದು ಒಂದು, 3 ಮೈಕ್ರಾನಿನದು ಒಂದು ಸಾಕು. ಕೊಳ್ಳುವಾಗ ಡೈಮಂಡ್ ಎಂದೇ ಬರೆದಿದೆಯೇ ನೋಡಿ, ಅದೇ ಬಣ್ಣ ಅದೇ ಅಳತೆಯ ಅಲ್ಯೂಮಿನಿಯಂ ಆಕ್ಸೈಡ್ ಫಿಲ್ಮೂ ಪಕ್ಕದಲ್ಲೇ ಇರುತ್ತದೆ. ಫಿಲ್ಮಿನ ಅಡಿಗೆ 5 ಮಿ.ಮೀ. ದಪ್ಪದ ಗಾಜಿನ ತುಂಡು ಬೇಕು. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು ಹಾಳೆ ಹಾಸಿ, ಗುಳ್ಳೆ ಉಳಿಯದಂತೆ ಒತ್ತಿದರೆ ಅದು ಅಲ್ಲೇ ಅಂಟಿ ಕೂರುತ್ತದೆ.

ಹೊಸ ಡೈಮಂಡ್ ಪ್ಲೇಟನ್ನು ನೇರವಾಗಿ ಸೆರಾಮಿಕ್ ಮೇಲೆ ಹಾಕಬಾರದು. ನಿಕಲ್ ಲೇಪದಲ್ಲಿ ಹುದುಗಿಸಿದ ವಜ್ರದ ಕಣಗಳಲ್ಲಿ ಕೆಲವು ಉಳಿದವುಗಳಿಗಿಂತ ಎತ್ತರಕ್ಕೆ ನಿಂತಿರುತ್ತವೆ. ಉಕ್ಕಿನ ಮೇಲೆ ಅವು ಒಂದು ಆಳದ ಗೀರು ಬಿಟ್ಟು ಉದುರಿಹೋಗುತ್ತವೆ, ತೊಂದರೆಯಿಲ್ಲ. ಸೆರಾಮಿಕ್ ಬಾಯಿಗೆ ಅಂಥ ಒಂದು ಕಣ ತಗುಲಿದರೆ 0.1 ಮಿ.ಮೀ. ಚಕ್ಕೆ ಗ್ಯಾರಂಟಿ. ಹಳೆಯ ಉಕ್ಕಿನ ಚಾಕುವಿನ ಬೆನ್ನನ್ನೋ ಸವೆದ ಉಳಿಯನ್ನೋ ತೆಗೆದುಕೊಂಡು, ನೀರು ಹಾಕಿ, ಪ್ಲೇಟಿನ ಇಡೀ ಮೈಮೇಲೆ ಹತ್ತು ನಿಮಿಷ ಉಜ್ಜಿ. ಕರಕರ ಸದ್ದು ಇಳಿದು ಒಂದೇ ಸಮನೆ ಕೇಳತೊಡಗಿದಾಗ ಪ್ಲೇಟು ಪಳಗಿದೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಉಕ್ಕಿನ ಪುಡಿ ಉಳಿದರೆ ಬಿಳಿ ಅಲಗಿಗೆ ಪೆನ್ಸಿಲ್ ಗೀಚಿದಂಥ ಬೂದು ಕಲೆ ಹತ್ತುತ್ತದೆ. ಅದು ಕಲೆಯಷ್ಟೇ, ಪಾತ್ರೆ ಪುಡಿಯಿಂದ ಹೋಗುತ್ತದೆ.

ಮೊದಲ ಪರೀಕ್ಷೆ ಬಿರುಕಿನದು. ಬಿಳಿ ಅಲಗು ಬಾಯಿಯ ಹತ್ತಿರ ಬೆಳಕನ್ನು ಹಾಯಗೊಡುತ್ತದೆ. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗಿನ ಬಿರುಕು ಕಪ್ಪು ಎಳೆಯಾಗಿ ಕಾಣುತ್ತದೆ. ಕಪ್ಪು ಅಲಗಿಗೆ ಈ ಉಪಾಯ ನಡೆಯದು. ತಿಳಿ ಬಣ್ಣದ ಪೇಂಟ್ ಮಾರ್ಕರಿನಿಂದ ಚಕ್ಕೆಯ ಸುತ್ತ ಬಳಿದು, ಅರ್ಧ ನಿಮಿಷ ಬಿಟ್ಟು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಬೇಕು. ಮೇಲ್ಮೈ ಸ್ವಚ್ಛವಾಗುತ್ತದೆ, ಬಿರುಕಿನೊಳಗೆ ಇಳಿದ ಬಣ್ಣ ಗೆರೆಯಾಗಿ ಉಳಿಯುತ್ತದೆ. ಚಕ್ಕೆಯ ಬುಡದಿಂದ ಬೆನ್ನಿನ ಕಡೆಗೆ ಅಂಥ ಗೆರೆ ಹೊರಟಿದ್ದರೆ ಆ ಚಾಕುವಿನ ಮೇಲೆ ಶ್ರಮ ಹಾಕಬೇಡಿ. ಮಸೆಯುವಾಗಲ್ಲದಿದ್ದರೆ ಕುಂಬಳಕಾಯಿ ಹೆಚ್ಚುವಾಗ ಅದು ಎರಡು ತುಂಡಾಗುತ್ತದೆ.

ಕೋನ ಹಿಡಿಯುವುದಕ್ಕೆ ಅಂದಾಜು ಬೇಡ, ಲೆಕ್ಕವಿದೆ. ಪ್ರತಿ ಬದಿಗೆ 15 ಡಿಗ್ರಿ ಎಂದಿಟ್ಟುಕೊಂಡರೆ ಅಲಗಿನ ಅಗಲವನ್ನು 0.26ರಿಂದ ಗುಣಿಸಬೇಕು. 35 ಮಿ.ಮೀ. ಅಗಲಕ್ಕೆ 9 ಮಿ.ಮೀ. ಬಂತು. ಇದು ಬೆನ್ನಿನ ನಡುಮಧ್ಯದ ಎತ್ತರ. ಬೆನ್ನಿನ ದಪ್ಪದ ಅರ್ಧ, ಅಂದರೆ 1 ಮಿ.ಮೀ. ಕಳೆದರೆ ಪ್ಲೇಟಿನಿಂದ ಬೆನ್ನಿನ ಕೆಳಭಾಗಕ್ಕೆ 8 ಮಿ.ಮೀ. ಇರಬೇಕು. ಅಷ್ಟೇ ದಪ್ಪದ ಒಂದು ಮರದ ಚಕ್ಕೆಯನ್ನು ಪಕ್ಕದಲ್ಲಿಟ್ಟುಕೊಂಡು ಆಗಾಗ ಬೆನ್ನಿನಡಿ ತೂರಿಸಿ ನೋಡಿದರೆ ಕೈ ಎಲ್ಲಿ ಜಾರುತ್ತಿದೆ ಎಂದು ತಿಳಿಯುತ್ತದೆ. ಅಲಗು ಮೊನೆಯ ಕಡೆ ಕಿರಿದಾಗುವುದರಿಂದ ಅಲ್ಲಿ ಎತ್ತರವೂ ಕಡಿಮೆಯಾಗಬೇಕು ಎಂಬುದನ್ನು ಮರೆಯಬೇಡಿ. ಅಲಗನ್ನು ಕ್ಲಾಂಪಿನಲ್ಲಿ ಬಿಗಿಯುವ ಮಸೆಯುವ ಚೌಕಟ್ಟುಗಳಿವೆ. ಅವುಗಳಿಂದ ಕೋನ ನಿಖರವಾಗಿ ಬರುತ್ತದೆ ನಿಜ, ಆದರೆ ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೆ ಅಲಗು ಅಲ್ಲೇ ಟಕ್ಕೆಂದು ಮುರಿಯುತ್ತದೆ. ಬಳಸುವುದಾದರೆ ಎರಡೂ ಬದಿಗೆ ಚರ್ಮದ ತುಂಡು ಕೊಟ್ಟು, ಬೆರಳ ತುದಿಯಲ್ಲಷ್ಟೇ ಬಿಗಿಯಿರಿ.

ಒತ್ತಡಕ್ಕೂ ಅಳತೆ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪ್ಲೇಟನ್ನಿಟ್ಟು ಸೊನ್ನೆ ಮಾಡಿ, ಅದರ ಮೇಲೆ ನಾಲ್ಕಾರು ಸಲ ಚಾಕುವನ್ನು ಎಳೆದು ನೋಡಿ. 400ರ ಪ್ಲೇಟಿಗೆ 300 ಗ್ರಾಂ ದಾಟಬಾರದು, 1000ಕ್ಕೆ 150, ಫಿಲ್ಮಿಗೆ 50ರಿಂದ 80. ಉಕ್ಕು ಮಸೆದು ರೂಢಿಯಿರುವ ಕೈ ತನಗೆ ಗೊತ್ತಿಲ್ಲದೆ ಒಂದು ಕಿಲೋ ಒತ್ತುತ್ತಿರುತ್ತದೆ. ತಕ್ಕಡಿ ನೋಡಿದಾಗಲೇ ನಂಬಿಕೆ ಬರುವುದು. ಇದರ ಹಿಂದೆ ಕಾರಣವಿದೆ. ವಜ್ರದ ಕಣ ಒಂದು ಮಿತಿಗಿಂತ ಆಳಕ್ಕೆ ಇಳಿದರೆ ಪೆಳಸು ವಸ್ತು ಒಡೆಯುತ್ತದೆ. ಆ ಮಿತಿಯೊಳಗಿದ್ದರೆ ಅದೇ ವಸ್ತು ಒಡೆಯದೆ, ಲೋಹದಂತೆ ಗೀರಿಸಿಕೊಳ್ಳುತ್ತದೆ. ಒತ್ತಿದಷ್ಟೂ ಕೆಲಸ ಬೇಗ ಎಂಬುದು ಇಲ್ಲಿ ತಿರುಗುಮುರುಗು: ಬೇಗ ಮಾಡಲು ಹೋಗಿ ಎಬ್ಬಿಸಿದ ಚಕ್ಕೆಗಳನ್ನು ತೆಗೆಯುವುದಕ್ಕೆ ಮುಂದಿನ ಹಂತದಲ್ಲಿ ಎರಡರಷ್ಟು ಹೊತ್ತು ಹೋಗುತ್ತದೆ.

ಈಗ ಕೆಲಸ. ಒದ್ದೆ ಟವೆಲಿನ ಮೇಲೆ ಪ್ಲೇಟು, ಪ್ಲೇಟಿನ ಮೇಲೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು. ಕೊನೆಯವರೆಗೂ ಒದ್ದೆಯಾಗಿಯೇ ಇರಬೇಕು. ಒಣಗಿದರೆ ವಜ್ರದ ನಡುವೆ ಪುಡಿ ತುಂಬಿ ಪ್ಲೇಟು ಜಾರುತ್ತದೆ, ಸಣ್ಣ ಧೂಳು ಗಾಳಿಗೆ ಏಳುತ್ತದೆ. ಆ ಧೂಳು ಮೂಗಿಗೆ ಹೋಗಬಾರದು.

ಮೊದಲು ಪಕ್ಕಗಳಿಗೆ ಕೈ ಹಾಕುವುದಲ್ಲ, ಬಾಯಿಯನ್ನು ಸಮತಟ್ಟು ಮಾಡುವುದು. ಚಾಕುವನ್ನು ನೆಟ್ಟಗೆ, ಬಾಯಿ ಕೆಳಗಾಗಿ 1000ದ ಪ್ಲೇಟಿನ ಮೇಲೆ ನಿಲ್ಲಿಸಿ, ಹಿಡಿಯ ಕಡೆಯಿಂದ ಮೊನೆಯ ಕಡೆಗೆ ಉದ್ದುದ್ದಕ್ಕೆ ಎಳೆಯಬೇಕು. ಬಾಯಿಯ ಬಾಗಿಗೆ ತಕ್ಕಂತೆ ಹಿಡಿಯನ್ನು ಮೆಲ್ಲಗೆ ಎತ್ತುತ್ತ ಹೋಗಬೇಕು. 100 ಗ್ರಾಂ ಒತ್ತಡ ಸಾಕು. ಇದ್ದ ಅಲ್ಪಸ್ವಲ್ಪ ಹರಿತವನ್ನೂ ಹಾಳುಮಾಡುವ ಕೆಲಸ ಎಂದು ನೋಡುವವರಿಗೆ ಅನ್ನಿಸುತ್ತದೆ, ಹೌದು ಕೂಡ. ಆದರೆ ಚಕ್ಕೆಯ ಗುಳಿಗಳು ಬಹುಪಾಲು ಮುಗಿದು, ಬಾಯಿಯ ಉದ್ದಕ್ಕೂ ಒಂದು ಸಪಾಟು ಪಟ್ಟಿ ಮೂಡುತ್ತದೆ. 15 ಡಿಗ್ರಿಯ ಬಾಯಿಯನ್ನು 0.4 ಮಿ.ಮೀ. ಇಳಿಸಿದರೆ ಪಟ್ಟಿಯ ಅಗಲ 0.2 ಮಿ.ಮೀ.ಗಿಂತ ತುಸು ಹೆಚ್ಚು. ಅತಿ ಆಳದ ಒಂದೆರಡು ಗುಳಿ ಪೂರ್ತಿ ಹೋಗುವವರೆಗೂ ಕಾಯಬೇಕಿಲ್ಲ, 0.1 ಮಿ.ಮೀ. ಉಳಿದಿರುವಾಗ ನಿಲ್ಲಿಸಿದರೆ ಮುಂದಿನ ಹಂತಗಳೇ ಅದನ್ನು ನುಂಗುತ್ತವೆ.

ಈ ಪಟ್ಟಿಯೇ ಇನ್ನು ಮುಂದಿನ ಮಾಪಕ. ಚಾಕುವನ್ನು ಒರೆಸಿ ಒಣಗಿಸಿ, ಪಟ್ಟಿಗೆ ಕಪ್ಪು ಮಾರ್ಕರ್ ಎಳೆಯಿರಿ, ಬಾಯಿಯ ಎರಡು ಬದಿಯ ಇಳಿಜಾರುಗಳಿಗೂ ಬಳಿಯಿರಿ. ಲೂಪಿನಲ್ಲಿ ನೋಡಿದರೆ ಬಾಯಿಯ ಮೇಲೊಂದು ಕಪ್ಪು ಗೆರೆ ಕಾಣುತ್ತದೆ. ಇಳಿಜಾರು ಸವೆಯುತ್ತ ಬಂದಂತೆ ಆ ಗೆರೆ ಎರಡೂ ಕಡೆಯಿಂದ ತೆಳ್ಳಗಾಗುತ್ತದೆ. ಗೆರೆ ಮಾಯವಾದ ಕಡೆ ಎರಡು ಇಳಿಜಾರುಗಳು ಕೂಡಿವೆ. ಗೆರೆ ಒಂದು ಬದಿಗೆ ಸರಿದಿದ್ದರೆ ಎದುರು ಬದಿ ಹೆಚ್ಚು ಸವೆದಿದೆ. ಇಳಿಜಾರಿನ ಮೇಲಿನ ಶಾಯಿ ಬೆನ್ನಿನ ಕಡೆ ಮಾತ್ರ ಹೋಗಿದ್ದರೆ ಕೋನ ಕಡಿಮೆಯಾಗಿದೆ, ಬಾಯಿಯ ಕಡೆ ಮಾತ್ರ ಹೋಗಿದ್ದರೆ ಜಾಸ್ತಿ. ಉಕ್ಕಿನ ಸುರುಳಿ ಬೆರಳಿಗೆ ಕೊಡುತ್ತಿದ್ದ ಸುದ್ದಿಗಿಂತ ಇದು ಹೆಚ್ಚು ನಿಖರ ಎಂದೇ ನನ್ನ ಅಭಿಪ್ರಾಯ.

400ರ ಮುಖದಲ್ಲಿ ಬಾಯಿ ಮುಂದಾಗಿ, ಪ್ಲೇಟಿಗೆ 45 ಡಿಗ್ರಿ ಓರೆಯಾಗಿ ಚಾಕುವನ್ನು ತಳ್ಳಬೇಕು. ಬಾಯಿ ಮುಂದೋ ಬೆನ್ನು ಮುಂದೋ ಎಂಬುದರಲ್ಲಿ ಮಸೆಯುವವರಲ್ಲೇ ಎರಡು ಪಕ್ಷವಿದೆ. ಬಾಯಿ ಮುಂದಾಗಿ ಹೋದರೆ ವಜ್ರದ ಕಣ ಬಾಯಿಯಿಂದ ಅಲಗಿನ ಒಳಕ್ಕೆ ಗೀರುತ್ತದೆ, ಬಲ ಬೀಳುವುದು ಅಲಗಿನ ಮೈಗೆ. ಅದುಮುವ ಬಲವನ್ನು ಸೆರಾಮಿಕ್ ಚೆನ್ನಾಗಿ ತಡೆಯುತ್ತದೆ. ಬೆನ್ನು ಮುಂದಾದರೆ ಕಣ ಒಳಗಿನಿಂದ ಬಂದು ಬಾಯಿಯ ಅಂಚಿನಲ್ಲಿ ಹೊರಬೀಳುತ್ತದೆ, ಅಲ್ಲಿ ಹಿಂದೆ ಆಸರೆಯಿಲ್ಲ. ಟೈಲ್ಸ್‌ಗೆ ತೂತು ಕೊರೆಯುವಾಗ ಚಕ್ಕೆ ಏಳುವುದು ಡ್ರಿಲ್ ಹೊರಬರುವ ಬದಿಯಲ್ಲೇ ಅಲ್ಲವೇ. ಆದ್ದರಿಂದ ಪ್ಲೇಟಿನ ಮೇಲೆ ಬಾಯಿ ಮುಂದು. ಫಿಲ್ಮಿನ ಮೇಲೆ ಮಾತ್ರ ಬೆನ್ನು ಮುಂದು, ಏಕೆಂದರೆ ಬಾಯಿ ಮುಂದಾದರೆ ಫಿಲ್ಮೇ ಸೀಳಿಹೋಗುತ್ತದೆ. ಅಷ್ಟು ಸಣ್ಣ ಕಣಕ್ಕೆ ಹೊರಬೀಳುವಾಗಿನ ಚಕ್ಕೆಯೂ ಲೆಕ್ಕಕ್ಕಿಲ್ಲದಷ್ಟು ಸಣ್ಣದು.

ಒಂದು ಬದಿಗೆ ಹತ್ತು, ಇನ್ನೊಂದು ಬದಿಗೆ ಹತ್ತು, ಒರೆಸು, ನೋಡು, ಮಾರ್ಕರ್ ಹಚ್ಚು. ಈ ಸುತ್ತನ್ನು ಬೇಸರವಿಲ್ಲದೆ ಮಾಡಬೇಕು. ನೀರು ಹಾಲಿನಂತೆ ಬೆಳ್ಳಗಾದರೆ ವಜ್ರ ಕೊಯ್ಯುತ್ತಿದೆ. ಬಿಳುಪು ಬರದಿದ್ದರೆ ಪ್ಲೇಟು ತೊಳೆಯಿರಿ. ಕಪ್ಪು ಗೆರೆ ತಲೆಗೂದಲಿನಷ್ಟು ತೆಳ್ಳಗಾದಾಗ, ಅಂದರೆ 0.05ರಿಂದ 0.1 ಮಿ.ಮೀ. ಉಳಿದಾಗ 400ಕ್ಕೆ ವಿದಾಯ ಹೇಳಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಗೆರೆ ಪೂರ್ತಿ ಹೋಗುವವರೆಗೆ 400ರಲ್ಲೇ ಮುಂದುವರಿಸಿದರೆ ಕೊನೆಯ ನಾಲ್ಕಾರು ಎಳೆತಗಳಲ್ಲಿ ತೆಳ್ಳಗಿನ ಬಾಯಿಗೆ 40 ಮೈಕ್ರಾನಿನ ಕಣ ತಗುಲಿ ಹೊಸದಾಗಿ ಹಲ್ಲು ಏಳುತ್ತದೆ, ಮಾಡಿದ್ದೆಲ್ಲ ಮೊದಲಿನಿಂದ. ದಪ್ಪ ಕಣಕ್ಕೆ ಬಾಯಿ ಮುಟ್ಟುವ ಅವಕಾಶವನ್ನೇ ಕೊಡಬಾರದು. 0.4 ಮಿ.ಮೀ. ಚಕ್ಕೆಯಿದ್ದ ಚಾಕುವಿಗೆ ಈ ಹಂತ ಅರ್ಧ ಗಂಟೆ ಹಿಡಿಯುತ್ತದೆ. ಚಕ್ಕೆ ಎರಡರಷ್ಟು ಆಳವಿದ್ದರೆ ಕೆಲಸ ಎರಡರಷ್ಟಕ್ಕೂ ಹೆಚ್ಚು, ಏಕೆಂದರೆ ಬೆನ್ನಿನ ಕಡೆ ಹೋದಷ್ಟೂ ಅಲಗು ದಪ್ಪ.

ಪ್ಲೇಟಿನ ಅಂಚುಗಳ ಬಗ್ಗೆ ಎಚ್ಚರ. ಎಳೆತದ ಕೊನೆಯಲ್ಲಿ ಮೊನೆ ಪ್ಲೇಟಿನಿಂದ ಜಾರಿ ಕೆಳಗೆ ಬಿದ್ದರೆ, ಆಗ ಇಡೀ ಕೈಯ ಭಾರ 1 ಮಿ.ಮೀ.ಗೂ ತೆಳುವಾದ ಮೊನೆಯ ಮೇಲೆ ಅಡ್ಡಡ್ಡ ಬಿದ್ದು ಅದು ಹಾರಿಹೋಗುತ್ತದೆ. ಮೊನೆ ಪ್ಲೇಟಿನ ಮೇಲಿರುವಾಗಲೇ ಎಳೆತ ನಿಲ್ಲಿಸಿ, ಚಾಕುವನ್ನು ಮೇಲಕ್ಕೆತ್ತಬೇಕು. ಹಿಡಿಯ ಪಕ್ಕದ ಮೂಲೆಯದೂ ಇದೇ ಕಥೆ. ಶುರುವಿನಲ್ಲೇ ಅದು ಪ್ಲೇಟಿನ ಅಂಚಿಗೆ ತಗುಲಿ ಒಡೆಯುತ್ತದೆ.

1000ದ ಮುಖದಲ್ಲಿ ಅದೇ ಕೋನ, ಅರ್ಧ ಒತ್ತಡ. ಕಪ್ಪು ಗೆರೆ ಮೊದಲು ತುಂಡುತುಂಡಾಗಿ, ಆಮೇಲೆ ಚುಕ್ಕೆಗಳಾಗಿ, ಕೊನೆಗೆ ಇಲ್ಲವಾಗುತ್ತದೆ. ಇಲ್ಲವಾದ ಮೇಲೂ ಪ್ರತಿ ಬದಿಗೆ ಹತ್ತು ಹೆಚ್ಚು ಎಳೆತ ಕೊಡಿ, 400 ಬಿಟ್ಟುಹೋದ ಗೀರುಗಳ ಬುಡದಲ್ಲಿ ಕಣ್ಣಿಗೆ ಕಾಣದ ಒಡಕುಗಳಿರುತ್ತವೆ. ಈ ಹಂತದಲ್ಲೇ ಚಾಕು ಕಾಗದ ಕೊಯ್ಯತೊಡಗುತ್ತದೆ, ಆದರೆ ಸದ್ದು ಒರಟು. ಬರೀ ಸೌತೆಕಾಯಿ, ಹುರುಳಿಕಾಯಿ ಹೆಚ್ಚುವವರು ಇಲ್ಲಿಗೇ ನಿಲ್ಲಿಸಿದರೂ ನಡೆಯುತ್ತದೆ. ಬಾಳಿಕೆ ಮಾತ್ರ ಕಡಿಮೆ. ಒರಟು ಬಾಯಿಯ ಒಂದೊಂದು ಹಲ್ಲೂ ಮುಂದಿನ ಚಕ್ಕೆಯ ಬೀಜ.

9 ಮೈಕ್ರಾನ್ ಫಿಲ್ಮು ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ. ಬೆನ್ನು ಮುಂದಾಗಿ, 80 ಗ್ರಾಂ ಒತ್ತಡದಲ್ಲಿ, ಬದಿಗೆ ಐವತ್ತರಷ್ಟು ಎಳೆತ. ಎಳೆತದ ಕೊನೆಯಲ್ಲಿ ಬೆನ್ನನ್ನು ಮೇಲೆ ತಿರುಗಿಸಿ ಎತ್ತುವ ಚಾಳಿ ಉಕ್ಕಿನ ಚಾಕು ಹಿಡಿದವರಿಗೆ ಇರುತ್ತದೆ. ಇಲ್ಲಿ ಅದು ಬಾಯಿಯನ್ನು ದುಂಡಗೆ ಮಾಡುತ್ತದೆ, ಪೂರ್ತಿ ನಿಲ್ಲಿಸಿ ಆಮೇಲೆ ನೇರವಾಗಿ ಎತ್ತಬೇಕು. ಲೂಪಿನಲ್ಲಿ ಇಳಿಜಾರು ಮಂಜುಗಾಜಿನಂತಿದ್ದದ್ದು ಹೊಳಪಿಗೆ ತಿರುಗಬೇಕು. ಆಮೇಲೆ 3 ಮೈಕ್ರಾನ್, ಬದಿಗೆ ಮೂವತ್ತು.

ಫಿಲ್ಮು ಸಿಗದಿದ್ದರೆ ಸಿರಿಂಜಿನಲ್ಲಿ ಬರುವ ಡೈಮಂಡ್ ಪೇಸ್ಟನ್ನು ಎಂಡಿಎಫ್ ಹಲಗೆಗೆ (ಮರದ ನಾರನ್ನು ಒತ್ತಿ ಮಾಡಿದ್ದು) ತೆಳ್ಳಗೆ ಸವರಿಯೂ ಇದನ್ನು ಮಾಡಬಹುದು. ಚರ್ಮದ ಪಟ್ಟಿ ಬೇಡ. ಮೆತ್ತಗಿರುವುದರಿಂದ ಅದು ಬಾಯಿಯ ಸುತ್ತ ಅಪ್ಪಿಕೊಂಡು ಹರಿತ ಇಳಿಸುತ್ತದೆ. ಉಕ್ಕಿಗೆ ಬಳಸುವ ಹಸಿರು ಪಾಲಿಶ್ ಕಡ್ಡಿ, ಅಂದರೆ ಕ್ರೋಮಿಯಂ ಆಕ್ಸೈಡ್, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಉಜ್ಜಿದರೂ ವ್ಯರ್ಥ.

ಕೊನೆಯದು ಕಿರು ಇಳಿಜಾರು. 15 ಡಿಗ್ರಿಯ ತೆಳು ಬಾಯಿಯನ್ನು ಹಾಗೇ ಬಿಟ್ಟರೆ ಹಲಗೆಗೆ ತಗುಲಿದ ಮೊದಲ ದಿನವೇ ಚಕ್ಕೆ. ಬೆನ್ನಿನ ಎತ್ತರವನ್ನು 11 ಮಿ.ಮೀ.ಗೆ ಏರಿಸಿದರೆ 20 ಡಿಗ್ರಿ ಸಿಗುತ್ತದೆ. 3 ಮೈಕ್ರಾನ್ ಫಿಲ್ಮಿನ ಮೇಲೆ, 50 ಗ್ರಾಂ ಒತ್ತಡದಲ್ಲಿ, ಒಂದು ಆ ಬದಿ ಒಂದು ಈ ಬದಿ ಎಂದು ಬದಲಿಸುತ್ತ ಬದಿಗೆ ಆರು ಎಳೆತ. ಇಷ್ಟರಿಂದ ಮೂಡುವ ಇಳಿಜಾರು ಕಣ್ಣಿಗೆ ಕಾಣದು, ಆದರೆ ಬಾಯಿಯ ತುದಿಗೆ ಆಸರೆ ಕೊಡುತ್ತದೆ.

ಪರೀಕ್ಷೆಗೆ ದಿನಪತ್ರಿಕೆಯ ಹಾಳೆ ಸಾಕು. ಅಂಚಿನಿಂದ ಹಿಡಿದು ಹಿಡಿಯಿಂದ ಮೊನೆಯವರೆಗೆ ಕೊಯ್ದಾಗ ಚಾಕು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹಲ್ಲು ಉಳಿದಿದೆ. ಅಲ್ಲಿಗೆ ಶಾಯಿ ಹಚ್ಚಿ 9 ಮೈಕ್ರಾನಿಗೆ ವಾಪಸ್. ಉಗುರಿನ ಮೇಲೆ, ಹೆಬ್ಬೆರಳಿನ ಮೇಲೆ ಸವರಿ ನೋಡಬೇಡಿ. ಆಮೇಲೆ ಹರಿಯುವ ನೀರಿನಡಿ ಬ್ರಷ್‌ನಿಂದ ಬೆನ್ನಿನಿಂದ ಬಾಯಿಯ ಕಡೆಗೆ ತಿಕ್ಕಿ ತೊಳೆದು, ಒಂದು ಆಲೂಗಡ್ಡೆಯನ್ನು ಹೆಚ್ಚಿ ಎಸೆಯಬೇಕು. ಬಾಯಿಗೆ ಅಂಟಿದ ಸೆರಾಮಿಕ್ ಚೂರು, ವಜ್ರದ ಕಣ ಏನಾದರೂ ಇದ್ದರೆ ಅದರಲ್ಲಿ ಹೋಗುತ್ತದೆ. ಕಾರ್ಖಾನೆಯ ಹರಿತ ಪೂರ್ತಿ ಮರಳಿತೇ ಎಂದರೆ, ಟೊಮೇಟೊ, ಈರುಳ್ಳಿ, ಮೀನಿನ ತೆಳು ಹೋಳಿಗೆ ಯಾವ ಕೊರತೆಯೂ ಇಲ್ಲ. ಒಳ್ಳೆಯ ಉಕ್ಕಿನ ಚಾಕುವಿನಂತೆ ಕೈಯ ಕೂದಲು ತೆಗೆಯುವ ಹರಿತ ಮನೆಯಲ್ಲಿ ಬರುವುದು ಅಪರೂಪ.

ಮೋಟಾರಿನ ಸಾಧನಗಳ ಬಗ್ಗೆ ಒಂದು ಮಾತು. ಡೈಮಂಡ್ ಚಕ್ರವಿರುವ, ಸೆರಾಮಿಕ್‌ಗೆಂದೇ ಮಾಡಿದ ಬ್ಯಾಟರಿ ಶಾರ್ಪನರುಗಳನ್ನು ಕ್ಯೋಸೆರಾವೇ ಮಾರುತ್ತದೆ. ಅವು ಸಣ್ಣಪುಟ್ಟ ಮೊಂಡಿಗೆ ಚೆನ್ನ, 0.4 ಮಿ.ಮೀ. ಚಕ್ಕೆಗೆ ಅಲ್ಲ. ಕೈಯಲ್ಲಿ ಹಿಡಿಯುವ ಡ್ರೆಮೆಲ್‌ನಂಥ ಯಂತ್ರಕ್ಕೆ ಡೈಮಂಡ್ ತುದಿ ಹಾಕಿ ಮಸೆಯುವುದಂತೂ ಚಾಕು ಕಳೆದುಕೊಳ್ಳುವ ದಾರಿ. ಜಿರ್ಕೋನಿಯಾದಲ್ಲಿ ಶಾಖ ಹರಿಯುವುದು ಸ್ಟೇನ್‌ಲೆಸ್ ಉಕ್ಕಿಗಿಂತ ಹಲವು ಪಟ್ಟು ನಿಧಾನ. ವಿಮಾನದ ಎಂಜಿನ್ನುಗಳಲ್ಲಿ ಟರ್ಬೈನ್ ರೆಕ್ಕೆಗಳಿಗೆ ಬಿಸಿ ತಾಗದಂತೆ ಬಳಿಯುವುದು ಇದನ್ನೇ. ಉಜ್ಜಿದ ಬಿಸಿ ಬಾಯಿಯಲ್ಲೇ ನಿಂತು, ಪಕ್ಕದ ತಣ್ಣನೆಯ ಭಾಗದೊಡನೆ ಎಳೆದಾಡಿ ಬಿರುಕು ಬಿಡುತ್ತದೆ.

ಮೊನೆ ಮೂರು ನಾಲ್ಕು ಮಿ.ಮೀ. ಮುರಿದಿದ್ದರೆ ಬಾಯಿಯನ್ನು ಸವೆಸಿ ಹೊಸ ಮೊನೆ ತರಲು ಹೋಗಬೇಡಿ. ಬೆನ್ನಿನ ಕಡೆಯಿಂದ 400ರಲ್ಲಿ ಓರೆಯಾಗಿ ಇಳಿಸಿಕೊಂಡು ಬಂದು ಬಾಯಿಗೆ ಕೂಡಿಸಿ. ಇದಕ್ಕೆ ತುಂಬ ಹೊತ್ತು ಬೇಕು, ಆದರೆ ಬಾಯಿ ಕೆಡುವುದಿಲ್ಲ. 1 ಮಿ.ಮೀ.ಗಿಂತ ಆಳದ ಚಕ್ಕೆಯನ್ನು, ಅದು ಹಿಡಿಯ ಪಕ್ಕದಲ್ಲಿದ್ದರೆ, ಹಾಗೇ ಬಿಟ್ಟುಬಿಡುವುದು ಜಾಣತನ. ಅಲ್ಲಿಂದ ಕೊಯ್ಯುವುದು ಕಡಿಮೆ. ಗುಳಿಯ ಅಂಚುಗಳನ್ನು 1000ದಲ್ಲಿ ಸವರಿ ದುಂಡಗೆ ಮಾಡಿದರೆ ಸಾಕು. ಅಗ್ಗದ ಚಾಕುವಾದರೆ ಪ್ಲೇಟಿನ ಬೆಲೆಯೇ ಚಾಕುವಿನದ್ದಕ್ಕಿಂತ ಹೆಚ್ಚಾಗಬಹುದು. ಪ್ಲೇಟು ಉಕ್ಕಿನ ಚಾಕುಗಳಿಗೂ ಬರುತ್ತದೆ ಎನ್ನುವುದರಿಂದ ಆ ಲೆಕ್ಕ ಸರಿಹೋಗುತ್ತದೆ. ಸೆರಾಮಿಕ್‌ಗೆ ಇಟ್ಟ ಫಿಲ್ಮನ್ನು ಮಾತ್ರ ಉಕ್ಕಿಗೆ ಬಳಸಬೇಡಿ.

ನಮ್ಮ ಅಡುಗೆಮನೆಗಳಲ್ಲಿ ಈ ಚಾಕುವಿನ ಮೊದಲ ಶತ್ರು ಗ್ರಾನೈಟ್ ಕಟ್ಟೆ, ಎರಡನೆಯದು ಸ್ಟೀಲ್ ತಟ್ಟೆಯ ಮೇಲಿಟ್ಟು ಹೆಚ್ಚುವ ಅಭ್ಯಾಸ, ಮೂರನೆಯದು ಸಿಂಕಿನಲ್ಲಿ ಪಾತ್ರೆಗಳ ನಡುವೆ ಎಸೆಯುವುದು. ಮರದ ಅಥವಾ ಪ್ಲಾಸ್ಟಿಕ್ ಹಲಗೆ ಕಡ್ಡಾಯ. ತೆಂಗಿನಕಾಯಿ, ಹಲಸು, ಕಬ್ಬು, ಸುವರ್ಣಗಡ್ಡೆ, ಮೂಳೆ, ಫ್ರೀಜರಿನಿಂದ ತೆಗೆದ ಮಾಂಸ ಇವೆಲ್ಲ ಈಳಿಗೆಮಣೆಯ, ಕತ್ತಿಯ ಪಾಲು. ಗಟ್ಟಿ ಕಾಯಿಯೊಳಗೆ ಅಲಗು ಸಿಕ್ಕಿಕೊಂಡಾಗ ಪಕ್ಕಕ್ಕೆ ತಿರುಚುವುದು, ಬೆಳ್ಳುಳ್ಳಿಯನ್ನು ಅಲಗಿನ ಅಡ್ಡದಿಂದ ಜಜ್ಜುವುದು, ಹೆಚ್ಚಿದ್ದನ್ನು ಬಾಯಿಯಿಂದಲೇ ಬಾಣಲೆಗೆ ಕೆರೆದು ಹಾಕುವುದು, ಈ ಮೂರನ್ನು ಬಿಟ್ಟರೆ ಮುಂದಿನ ಸಲ 400ರ ಪ್ಲೇಟು ಹೊರತೆಗೆಯುವ ಪ್ರಮೇಯ ಬರುವುದಿಲ್ಲ. ಟೊಮೇಟೊ ಸಿಪ್ಪೆ ಜಾರತೊಡಗಿದ ಕೂಡಲೇ 9 ಮೈಕ್ರಾನ್ ಫಿಲ್ಮಿನ ಮೇಲೆ 20 ಡಿಗ್ರಿಯಲ್ಲಿ ಬದಿಗೆ ಹತ್ತು ಹನ್ನೆರಡು ಎಳೆತ, ಆಮೇಲೆ 3 ಮೈಕ್ರಾನಿನಲ್ಲಿ ಆರು ಕೊಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಕಿರು ಇಳಿಜಾರು ಲೂಪಿಲ್ಲದೆಯೇ ಕಾಣುವಷ್ಟು ಅಗಲವಾಗಿರುತ್ತದೆ, ಕೊಯ್ಯುವಾಗ ಚಾಕು ತುಸು ತಡೆಯುತ್ತದೆ. ಆಗ 1000ದ ಪ್ಲೇಟಿನಿಂದ 15 ಡಿಗ್ರಿಯ ಇಳಿಜಾರನ್ನು ಮತ್ತೆ ತೆಳ್ಳಗೆ ಮಾಡಬೇಕು.